ಹಗೇವಿನ ಆ ಒಂದು ಸಾಲು

ಮೈಸೂರು

ಆತ್ಮೀಯರೇ,

ಮದ್ದೂರಿನಿಂದ ನೀವು ಕಳಿಸಿದ ‘ಆಳುವವರಿಗೆ ಇತಿಹಾಸದ ಪಾಠ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೂ ಇಷ್ಟುದ್ದ ಉತ್ತರ ಬರೆಯುತ್ತಿರುವುದು ಆರನೇ ಪುಟದ ಒಂದು ಸಾಲಿಗಾಗಿ: “ನಮ್ಮ ಹಿತ್ತಲಲ್ಲಿದ್ದ ಹಗೇವನ್ನು ನಾಲೆ ನೀರು ಬಂದ ಮೇಲೆ ಮುಚ್ಚಿಸಿದರಂತೆ.” ನಿಮ್ಮ ಲೇಖನ ಇರುವುದು ಅಲ್ಲಿ, ನೆಲದೊಳಗೆ ಕಾಳು ತುಂಬಿಡುವ ಆ ಗುಂಡಿಯಲ್ಲಿ.

ಮೊದಲ ಐದು ಪುಟಗಳಲ್ಲಿ ರೋಮ್ ಸಾಮ್ರಾಜ್ಯದ ಪತನ, 1929ರ ಷೇರುಪೇಟೆ ಕುಸಿತ, 2008ರ ಬ್ಯಾಂಕ್ ಬಿಕ್ಕಟ್ಟು ಬಂದು ಹೋಗುತ್ತವೆ. ಪ್ರತಿಯೊಂದರ ಕೊನೆಗೂ “ನಾಯಕರು ಇದರಿಂದ ಕಲಿಯಬೇಕು” ಎಂದಿದ್ದೀರಿ. ಏನು ಕಲಿಯಬೇಕು? ಅದೊಂದನ್ನೇ ಹೇಳಿಲ್ಲ. 2008ರ ಮಾತು ಬಂದಾಗಲಾದರೂ ಹೇಳಬಹುದಿತ್ತು. ಆಗ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಬೆನ್ ಬರ್ನಾಂಕೆ 1930ರ ದಶಕದ ಮಹಾಕುಸಿತದ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದವರು. ಬ್ಯಾಂಕುಗಳು ಒಂದರ ಹಿಂದೆ ಒಂದು ಮುಳುಗಿದ್ದರಿಂದ ಅಂದಿನ ಸಂಕಟ ಇನ್ನಷ್ಟು ಆಳಕ್ಕಿಳಿಯಿತೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ಬಿಕ್ಕಟ್ಟು ಎದುರಾದಾಗ ಹಣ ಹರಿಸಲು ಹಿಂದೆಮುಂದೆ ನೋಡಲಿಲ್ಲ. ಆದರೆ ಅದು ಬರುತ್ತಿರುವುದನ್ನು ಮಾತ್ರ ಅವರೂ ಮೊದಲೇ ಕಾಣಲಿಲ್ಲ. ಇತಿಹಾಸವನ್ನು ನೀವು ಕಣಿ ಹೇಳುವವಳಂತೆ ಕೂರಿಸಿದ್ದೀರಿ. ಅದು ಆ ಕೆಲಸಕ್ಕೆ ಬರುವುದಿಲ್ಲ.

ಇನ್ನು ನಿಮ್ಮ ‘ನಾಯಕರು’ ಯಾರು? ಪ್ರಧಾನಿಯೋ, ಜಿಲ್ಲಾಧಿಕಾರಿಯೋ, ನಿಮ್ಮೂರ ಸೊಸೈಟಿ ಅಧ್ಯಕ್ಷರೋ? ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಬರೆಯಿರಿ. ಆಗ “ಅಪಾಯ ನಿರ್ವಹಣಾ ಚೌಕಟ್ಟು” ಅನ್ನುವ ಮಾತು ತಾನಾಗಿ ಬಿದ್ದುಹೋಗುತ್ತದೆ.

ಈಗ ಹಗೇವಿಗೆ ಬರೋಣ. ರಾಗಿಗೆ ಹುಳು ಹಿಡಿಯುವುದು ಕಡಿಮೆ. ನೆಲದೊಳಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಮಳೆ ಕೈಕೊಡುವ ವರ್ಷ ಇದ್ದೇ ಇರುತ್ತದೆ ಅನ್ನುವ ನೆನಪನ್ನು ಹಳೇ ಮೈಸೂರಿನ ಒಕ್ಕಲು ಮನೆಗಳು ಹೀಗೆ ಗುಂಡಿ ತೋಡಿ ಇಟ್ಟುಕೊಂಡಿದ್ದವು. ಕೌಟಿಲ್ಯನ ಅರ್ಥಶಾಸ್ತ್ರವೂ ಇದನ್ನೇ ಹೇಳುತ್ತದೆ: ಉಗ್ರಾಣದ ಅರ್ಧವನ್ನು ಜನರ ಆಪತ್ಕಾಲಕ್ಕೆ ಮುಟ್ಟದೆ ಇಡಬೇಕು, ಹೊಸದು ಬಂದಂತೆ ಹಳೆಯದನ್ನು ಬದಲಿಸುತ್ತಿರಬೇಕು. (ಆ ಗ್ರಂಥದ ಓಲೆಪ್ರತಿ 1909ರಲ್ಲಿ ಸಿಕ್ಕಿತೆಂದು ಬರೆದಿದ್ದೀರಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳ ಕೈಗೆ ಅದು ಸಿಕ್ಕಿದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ತಿದ್ದಿಕೊಳ್ಳಿ.)

ಆದರೆ ಹಗೇವನ್ನು ಹೊಗಳಿ ನಿಲ್ಲಿಸಬೇಡಿ. ಧಾತು–ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರದ್ದು, ಅದರ ಮಿತಿಯನ್ನು ತೋರಿಸಿತು. 1875ರಲ್ಲೇ ಮಳೆ ಹಿಂಜರಿದಿತ್ತು, ಮುಂದಿನ ಎರಡು ವರ್ಷವೂ ಬೆಳೆ ಹೋಯಿತು. ಒಂದು ವರ್ಷಕ್ಕೆ ಒದಗುವ ರಾಗಿ ಮೂರು ವರ್ಷಕ್ಕೆ ಎಲ್ಲಿ ಬಂದೀತು? ಕೂಲಿಯವರ ಮನೆಯಲ್ಲಂತೂ ಹಗೇವೇ ಇರಲಿಲ್ಲ. ಆಗ ರೈಲು ಬರುತ್ತಿದ್ದದ್ದು ಬೆಂಗಳೂರಿನವರೆಗೆ ಮಾತ್ರ. ಮುಂದಕ್ಕೆ ಕಾಳು ಸಾಗಿಸಲು ಗಾಡಿ ಬೇಕು, ಗಾಡಿಗೆ ಎತ್ತು ಬೇಕು. ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. 1881ರಲ್ಲಿ ಸುಮಾರು 41.9 ಲಕ್ಷ. ಈ ಎರಡು ಅಂಕಿಗಳನ್ನು ಒಂದೇ ಸಾಲಿನಲ್ಲಿ ಇಟ್ಟು ಸುಮ್ಮನಿರಿ, ವಿಶೇಷಣ ಬೇಡ.

ಅದೇ 1881ರಲ್ಲಿ ರಾಜ್ಯ ಬ್ರಿಟಿಷರಿಂದ ಒಡೆಯರಿಗೆ ಮರಳಿತು, ಜೊತೆಗೆ 80 ಲಕ್ಷ ರೂಪಾಯಿ ಸಾಲವೂ ಬಂತು. ಬೊಕ್ಕಸ ಆ ಸ್ಥಿತಿಯಲ್ಲಿದ್ದರೂ ಬರಗಾಲದ ಕಾಮಗಾರಿಯಾಗಿ ಶುರುವಾಗಿದ್ದ ರೈಲುಮಾರ್ಗವನ್ನು ಕೈಬಿಡಲಿಲ್ಲ; 1882ರಲ್ಲಿ ರೈಲು ಮೈಸೂರಿಗೆ ಬಂತು. ದಿವಾನ್ ರಂಗಾಚಾರ್ಲು ದಸರಾ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಕರೆದದ್ದೂ 1881ರಲ್ಲೇ. ಹಳ್ಳಿಯ ಕಷ್ಟ ಅರಮನೆಯ ಕಿವಿಗೆ ಬೀಳಲು ಒಂದು ದಾರಿ ಆಯಿತು. ಆಳುವವರು ಏನು ಮಾಡಬಹುದು ಅನ್ನುವುದಕ್ಕೆ ನಿಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಮುಂದಿನದು ನಿಮ್ಮ ಮನೆಯದೇ ಕತೆ. ಕಾವೇರಿಗೆ ಕನ್ನಂಬಾಡಿ ಕಟ್ಟೆ ಎದ್ದಿತು, 1930ರ ದಶಕದ ಆರಂಭದಲ್ಲಿ ನಾಲೆಗೆ ನೀರು ಬಂತು, ಅದರ ಬೆನ್ನಿಗೇ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಹಗೇವು ಮುಚ್ಚಿತು. ಹತ್ತಿಪ್ಪತ್ತು ವರ್ಷದ ಲೆಕ್ಕ ನೋಡುವವರಿಗೆ ಗಂಡಾಂತರ ಕಳೆಯಿತು ಅನ್ನಿಸುತ್ತದೆ. ನೂರೈವತ್ತು ವರ್ಷ ನೋಡಿದರೆ ಅದು ಜಾಗ ಬದಲಿಸಿದ್ದು ಕಾಣುತ್ತದೆ. ಮೊದಲು ಮನೆಯವರು ಮುಗಿಲು ನೋಡುತ್ತಿದ್ದರು. ಈಗ ಕಟ್ಟೆಯ ಮಟ್ಟ ಪೂರ್ತಿ ತುಂಬಿದಾಗಿನ 124.80 ಅಡಿಗೆ ಎಷ್ಟು ಕಡಿಮೆ ಇದೆ, ಕಬ್ಬಿನ ಬಾಕಿ ಯಾವಾಗ ಬರುತ್ತದೆ ಎಂದು ನೋಡುತ್ತಾರೆ. ಮೊದಲು ಒಂದೊಂದು ಮನೆ ಒಂದೊಂದು ಹೊತ್ತಿಗೆ ಸೋಲುತ್ತಿತ್ತು. ಈಗ ಇಡೀ ಬಯಲು ಒಟ್ಟಿಗೆ ಸೋಲುತ್ತದೆ, ಒಟ್ಟಿಗೇ ಹೆದ್ದಾರಿಗೆ ಇಳಿಯುತ್ತದೆ.

ಕಾವೇರಿಯನ್ನು ನೀವು ಭಾವುಕರಾಗಿ ಮುಟ್ಟಿದ್ದೀರಿ. ಮಂಡ್ಯದವರಿಗೆ ಅದು ಸಹಜ, ನನಗೂ ಆ ನೋವಿದೆ. ಆದರೆ ವರ್ಷಗಳನ್ನು ಸಾಲಾಗಿ ಇಡಿ: ಮೈಸೂರು–ಮದ್ರಾಸ್ ನಡುವೆ ನೀರಿಗಾಗಿ ಆದ 1924ರ ಒಪ್ಪಂದ, ಅದಕ್ಕೆ ಐವತ್ತು ವರ್ಷ ತುಂಬಿದ 1974, ನ್ಯಾಯಮಂಡಳಿ ರಚನೆಯಾದ 1990, ಗಲಭೆಯ 1991, ಅಂತಿಮ ತೀರ್ಪಿನ 2007, ಮತ್ತೆ ಗಲಭೆಯ 2016, ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75 ಟಿಎಂಸಿ ಎಂದ 2018. ಮಳೆ ಚೆನ್ನಾಗಿ ಬಂದ ವರ್ಷ ಯಾರೂ ಈ ಕಡತ ಬಿಚ್ಚುವುದಿಲ್ಲ. ಕೊರತೆಯ ವರ್ಷ ಹೇಗೆ ಹಂಚಿಕೊಳ್ಳಬೇಕು, ಕಬ್ಬು ಒಣಗಿದವನಿಗೆ ಏನು ಕೊಡಬೇಕು ಅನ್ನುವುದನ್ನು ಕಟ್ಟೆ ತುಂಬಿದಾಗಲೇ ಕೂತು ಮಾತಾಡಬೇಕಲ್ಲವೇ? ನಿಮ್ಮ ನಾಯಕರಿಗೆ ಕೇಳಬೇಕಾದ ಪ್ರಶ್ನೆ ಇದು. ಖಾರವಾಗಿಯೇ ಕೇಳಿ.

ರೋಮ್ ತೆಗೆಯಿರಿ, ಬರ್ನಾಂಕೆಗೆ ಒಂದು ಪ್ಯಾರಾ ಸಾಕು. ಸಾವಿರದಿನ್ನೂರು ಪದಗಳಲ್ಲಿ ದೀಪಾವಳಿಯೊಳಗೆ ಕಳಿಸಿ. ಅದಕ್ಕೂ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಕೇಳಿ: ಹಗೇವು ಮುಚ್ಚಲು ಹೇಳಿದವರು ಯಾರು, ಬೇಡ ಅಂದವರು ಯಾರಾದರೂ ಇದ್ದರೇ, ಕೊನೆಗೆ ತೆಗೆದ ರಾಗಿ ಏನಾಯಿತು. ಆ ಜಾಗದಲ್ಲಿ ಈಗ ಏನಿದೆ ಅನ್ನುವುದನ್ನೂ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ