ಎಸ್.ಎಂ.ಸಿ. ಸಭೆಯಲ್ಲಿ ಪಾಠದ ವಿಷಯ ಎತ್ತಬಹುದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಂಜೇಶ್ವರ ಕಡೆಯ ಸರಕಾರಿ ಕನ್ನಡ ಮಾಧ್ಯಮ ಶಾಲೆಯಲ್ಲಿ ಮಗಳು ಮೂರನೇ ಕ್ಲಾಸು. ಈ ಜೂನಿನಲ್ಲಿ ನಿಮ್ಮನ್ನು ಎಸ್.ಎಂ.ಸಿ.ಗೆ, ಅಂದರೆ ಶಾಲಾ ನಿರ್ವಹಣಾ ಸಮಿತಿಗೆ, ಆರಿಸಿದ್ದಾರೆ. ಆದ ಎರಡು ಸಭೆಗಳಲ್ಲಿ ಆವರಣ ಗೋಡೆ, ಮಧ್ಯಾಹ್ನದ ಊಟ, ಶಾಲಾ ಬಸ್ಸಿನ ಖರ್ಚು ಬಿಟ್ಟು ಬೇರೆ ಮಾತೇ ಬಂದಿಲ್ಲ. ಕ್ಲಾಸಿನೊಳಗಿನ ಪಾಠ ಸುಧಾರಿಸಲು ಸಮಿತಿ ಏನಾದರೂ ಮಾಡಬಹುದೇ, ಹಾಗೆ ಕೇಳಿದರೆ ಅಧ್ಯಾಪಕರ ಕೆಲಸದಲ್ಲಿ ಮೂಗು ತೂರಿಸಿದ ಹಾಗಾಗುತ್ತದೆಯೇ ಎಂದು ಕೇಳಿದ್ದೀರಿ.

ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಹದಿನೆಂಟು ವರ್ಷ ಎಲ್.ಪಿ. (ಒಂದರಿಂದ ನಾಲ್ಕನೇ ಕ್ಲಾಸು) ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದರಲ್ಲಿ ಆರು ವರ್ಷ ಅಧ್ಯಾಪಕರ ಕೂಟವಾದ ಎಸ್.ಆರ್.ಜಿ.ಯ ಕನ್ವೀನರ್ ಆಗಿದ್ದೆ. ಅಧ್ಯಾಪಕಿಯಾಗಿಯೇ ಹೇಳುತ್ತೇನೆ, ದಯವಿಟ್ಟು ಕೇಳಿ. ನೀವು ಕೇಳದಿದ್ದರೆ ನಮ್ಮಲ್ಲಿ ಎಷ್ಟೋ ವಿಷಯ ನಮಗೇ ಕಾಣದೆ ಹೋಗುತ್ತದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಎಸ್.ಎಂ.ಸಿ.ಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ರಕ್ಷಕರೇ (ಮಕ್ಕಳ ತಂದೆತಾಯಿ, ಪೋಷಕರು) ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಹಣ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ. ಕರ್ನಾಟಕದವರು ಎಸ್.ಡಿ.ಎಂ.ಸಿ. ಎಂದು ಕರೆಯುವುದು ಇಂಥದ್ದೇ ಸಮಿತಿಯನ್ನು. ನಿಮ್ಮದು ಅನುದಾನಿತ ಶಾಲೆಯಾಗಿದ್ದರೆ 2012ರ ತಿದ್ದುಪಡಿಯಂತೆ ಸಮಿತಿಗೆ ಸಲಹೆ ಕೊಡುವಷ್ಟೇ ಅಧಿಕಾರ. ಸರಕಾರಿ ಶಾಲೆಯಾದ್ದರಿಂದ ಆ ಮಿತಿ ನಿಮಗಿಲ್ಲ. ‘ಶಾಲೆ ಹೇಗೆ ನಡೆಯುತ್ತಿದೆ’ ಎನ್ನುವುದರಲ್ಲಿ ಪಾಠ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಾಗೆಂದು ಪಾಠದ ಒಳಗುಟ್ಟು ಬಿಡಿಸುವ ಜಾಗ ಎಸ್.ಎಂ.ಸಿ. ಅಲ್ಲ. ಅದಕ್ಕೆ ಇನ್ನೊಂದು ಕೂಟವಿದೆ. ಹೊರಗಿನವರಿಗೆ ಅದರ ಹೆಸರೇ ಗೊತ್ತಿರುವುದಿಲ್ಲ. ಕೇರಳದ ಶಾಲೆಗಳಲ್ಲಿ ಎಸ್.ಆರ್.ಜಿ., ಅಂದರೆ ಸ್ಕೂಲ್ ರಿಸೋರ್ಸ್ ಗ್ರೂಪ್, ಎಂಬ ಅಧ್ಯಾಪಕರ ಕೂಟವಿರುತ್ತದೆ. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ನಾವೆಲ್ಲ ಒಂದು ಕೋಣೆಯಲ್ಲಿ ಕೂರುತ್ತೇವೆ. ಮುಂದಿನ ದಿನಗಳ ಪಾಠ, ಹಿಂದೆ ಬಿದ್ದ ಮಕ್ಕಳು, ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಂದ ಸೂಚನೆ ಎಲ್ಲ ಅಲ್ಲಿ ಚರ್ಚೆಗೆ ಬರಬೇಕು. ಎಷ್ಟೋ ಶಾಲೆಗಳಲ್ಲಿ ಈ ಕೂಟ ಮಿನಿಟ್ಸ್ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ಸರ್ಕ್ಯುಲರ್ ಓದುತ್ತಾರೆ, ಕಲೋತ್ಸವಕ್ಕೆ ಯಾರು ಯಾವ ಮಕ್ಕಳನ್ನು ತಯಾರು ಮಾಡುವುದೆಂದು ಹಂಚಿಕೊಳ್ಳುತ್ತಾರೆ, ಸಹಿ ಹಾಕಿ ಬಸ್ಸಿಗೆ ಓಡುತ್ತಾರೆ. ನಾನು ಕನ್ವೀನರ್ ಆಗಿದ್ದ ಮೊದಲ ವರ್ಷ ನಮ್ಮಲ್ಲೂ ಹಾಗೆಯೇ ನಡೆಯಿತು.

ಅದು ಬದಲಾದದ್ದು ಒಬ್ಬ ತಾಯಿಯಿಂದ. ಎಸ್.ಎಂ.ಸಿ. ಸದಸ್ಯೆ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಸಭೆಗೆ ಬರುವಾಗ ಮಗನ ಗಣಿತದ ನೋಟ್‌ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು ಬಂದಿದ್ದರು. ಗೋಡೆಗೆ ಬಣ್ಣ ಬಳಿಯುವ ಚರ್ಚೆ ಮುಗಿದ ಮೇಲೆ ಅದನ್ನು ಮೇಜಿನ ಮೇಲಿಟ್ಟು, “ಟೀಚರೇ, ಇದು ತಪ್ಪು ಅಂತ ನೀವು ಗುರುತು ಹಾಕಿದ್ದೀರಿ. ಮನೆಯಲ್ಲಿ ಎಷ್ಟು ಸಲ ಮಾಡಿಸಿದರೂ ಅವನು ಹೀಗೆಯೇ ಮಾಡ್ತಾನೆ, ಯಾಕೆ?” ಎಂದು ಕೇಳಿದರು.

52ರಿಂದ 27 ಕಳೆಯುವ ಲೆಕ್ಕ. ಹುಡುಗ 35 ಎಂದು ಬರೆದಿದ್ದ. ಕೆಳಗಿನ ಲೆಕ್ಕ 64ರಿಂದ 38. ಅದಕ್ಕೆ 34. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಬಿಟ್ಟಿದ್ದೆ, ಸರಿ ಉತ್ತರವನ್ನೂ ಪಕ್ಕದಲ್ಲಿ ಬರೆದಿದ್ದೆ. ಅಜಾಗರೂಕತೆ ಎಂದುಕೊಂಡಿದ್ದೆ.

ಆ ವಾರದ ಎಸ್.ಆರ್.ಜಿ.ಗೆ ಮೂರನೇ ಕ್ಲಾಸಿನ ಎಲ್ಲ ಮಕ್ಕಳ ಪುಸ್ತಕಗಳನ್ನೂ ತಂದು ಮೇಜಿನ ಮೇಲೆ ಹರಡಿದೆ. ಎಲ್ಲರೂ ನಾಲ್ಕೈದು ಪುಸ್ತಕ ಎತ್ತಿಕೊಂಡು ನೋಡತೊಡಗಿದರು. ಸುಮಾರು ಅರ್ಧ ಕ್ಲಾಸು ಅದೇ ತಪ್ಪು ಮಾಡಿತ್ತು. ಎರಡರಿಂದ ಏಳು ಹೋಗುವುದಿಲ್ಲ ಎಂದು ಗೊತ್ತಾದ ಕೂಡಲೇ ಮಕ್ಕಳು ಏಳರಿಂದ ಎರಡು ಕಳೆದು ಐದು ಎಂದು ಬರೆದಿದ್ದರು. ಬೇರೆ ಬೇರೆ ಮನೆಯ ಮಕ್ಕಳು, ಒಬ್ಬರದನ್ನೊಬ್ಬರು ನೋಡಿ ಬರೆದದ್ದಲ್ಲ. ಹಾಗಾದರೆ ಎಲ್ಲೋ ನಾವೇ ಕಲಿಸಿದ್ದಿರಬೇಕಲ್ಲ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಂದನೇ ಕ್ಲಾಸಿನ ಟೀಚರ್ ಮೆಲ್ಲಗೆ, “ಕಳೆಯುವಾಗ ಯಾವಾಗಲೂ ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು ಅಂತ ನಾನು ಹೇಳಿಕೊಡ್ತೇನೆ” ಎಂದರು. ಎರಡನೇ ಕ್ಲಾಸಿನವರು, “ನಾನೂ” ಎಂದರು. ಒಂದನೇ ಕ್ಲಾಸಿನಲ್ಲಿ ಆ ಮಾತಿನಿಂದ ತೊಂದರೆಯಿಲ್ಲ, ಅಲ್ಲಿನ ಲೆಕ್ಕಗಳಿಗೆ ಅದು ಸರಿಹೊಂದುತ್ತದೆ. ಮಕ್ಕಳು ಅದನ್ನು ನಂಬಿ, ಎರಡು ವರ್ಷ ಜೋಪಾನವಾಗಿ ಇಟ್ಟುಕೊಂಡು, ನನ್ನ ಕ್ಲಾಸಿಗೆ ತಂದಿದ್ದರು. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿದ ಮಕ್ಕಳಿಗೆ ನಾನು ಕೆಂಪು ಗೆರೆ ಎಳೆದಿದ್ದೆ. ಆ ಸಂಜೆ ಮನೆಗೆ ಹೋದ ಮೇಲೂ ನನಗೆ ಸಮಾಧಾನವಿರಲಿಲ್ಲ.

ಈ ತಪ್ಪನ್ನು ನಾನೊಬ್ಬಳೇ ಎಷ್ಟು ಒಳ್ಳೆಯ ಟೀಚರ್ ಆಗಿದ್ದರೂ ಕಂಡುಹಿಡಿಯಲಾಗುತ್ತಿರಲಿಲ್ಲ. ನನ್ನ ಕ್ಲಾಸಿನಲ್ಲಿ ಅದು ಹುಟ್ಟಿರಲೇ ಇಲ್ಲ. ಒಂದನೇ ಕ್ಲಾಸಿನ ಟೀಚರಿಗೂ ಅದು ಕಾಣುತ್ತಿರಲಿಲ್ಲ, ಅಲ್ಲಿ ಎಲ್ಲ ಉತ್ತರವೂ ಸರಿಯಾಗಿಯೇ ಬರುತ್ತಿತ್ತು. ಎರಡು ಕ್ಲಾಸುಗಳ ನಡುವಿನ ಗೋಡೆಯಲ್ಲಿ ಅಡಗಿ ಕೂತ ತಪ್ಪು ಅದು. ಸಮಿತಿಯೂ ಎಸ್.ಆರ್.ಜಿ.ಯೂ ಬೇಕಾಗುವುದು ಇಂಥದ್ದನ್ನು ಹುಡುಕುವುದಕ್ಕೆ.

ಪರಿಹಾರ ದೊಡ್ಡದೇನಲ್ಲ. ತೆಂಗಿನ ಗರಿಯ ಹಿಡಿಸೂಡಿ ಕಡ್ಡಿಗಳನ್ನು ಬೆರಳುದ್ದ ಕತ್ತರಿಸಿ, ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆವು. ಕಡ್ಡಿ ಕೊಟ್ಟದ್ದು, ಕಟ್ಟು ಕಟ್ಟಿದ್ದು ಎಂ.ಪಿ.ಟಿ.ಎ.ಯ (ತಾಯಂದಿರ ಸಂಘ) ತಾಯಂದಿರು. 52 ಅಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಕೊಡಬೇಕು, ಕೈಯಲ್ಲಿ ಬಿಡಿ ಇರುವುದು ಎರಡೇ. ಏನು ಮಾಡುವುದು? ನಾನು ಬಾಯಿ ಬಿಡದೆ ಕಾದೆ. ಒಬ್ಬಳು ಹುಡುಗಿ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಹತ್ತು ಕಡ್ಡಿ ಡೆಸ್ಕಿನ ಮೇಲೆ ಚೆಲ್ಲಿದವು, ಎರಡು ಉರುಳಿ ಕೆಳಗೆ ಬಿದ್ದವು, ಎಲ್ಲರೂ ಬಗ್ಗಿ ಹುಡುಕಿದರು. ಈಗ ಬಿಡಿ ಹನ್ನೆರಡು. ಏಳು ಕೊಟ್ಟರೆ ಐದು ಉಳಿಯಿತು, ಕಟ್ಟು ನಾಲ್ಕರಲ್ಲಿ ಎರಡು ಹೋಗಿ ಎರಡು. ‘ಪಕ್ಕದ ಮನೆಯಿಂದ ಸಾಲ ತರುವುದು’ ಎಂದು ನಾವು ಬೋರ್ಡಿನ ಮೇಲೆ ಎಷ್ಟು ವರ್ಷ ಹೇಳಿದ್ದೆವೋ, ಆ ರಬ್ಬರ್ ಬ್ಯಾಂಡ್ ಬಿಚ್ಚಿದಾಗ ಅದರ ಅರ್ಥ ಅವರ ಕೈಗೆ ಸಿಕ್ಕಿತು. ಅದರ ಜೊತೆಗೆ ಒಂದನೇ ಮತ್ತು ಎರಡನೇ ಕ್ಲಾಸಿನವರು ‘ದೊಡ್ಡದರಿಂದ ಸಣ್ಣದು’ ಎಂಬ ಮಾತನ್ನು ಬಿಟ್ಟರು. ಬದಲಿಗೆ ‘ಇದ್ದದ್ದರಿಂದ ಕೊಟ್ಟದ್ದನ್ನು ಕಳೆಯುವುದು’ ಎಂದು ಹೇಳುವುದೆಂದು ಎಸ್.ಆರ್.ಜಿ.ಯಲ್ಲಿ ತೀರ್ಮಾನ ಬರೆದೆವು. ಮುಂದಿನ ವರ್ಷದ ಮೂರನೇ ಕ್ಲಾಸಿನಲ್ಲಿ ಆ ತಪ್ಪು ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಕಂಡಿತು.

ನಮ್ಮ ಕಡೆಯ ಶಾಲೆಗಳಿಗೆ ಇನ್ನೊಂದು ವಿಷಯವಿದೆ, ಇದರಲ್ಲಿ ರಕ್ಷಕರಿಲ್ಲದೆ ನಾವು ಕುರುಡರು. ಶಾಲೆ ಕನ್ನಡ ಮಾಧ್ಯಮದ್ದು ಎಂದರೆ ಮಕ್ಕಳ ಮನೆಮಾತು ಕನ್ನಡ ಎಂದಲ್ಲ. ಒಂದನೇ ಕ್ಲಾಸಿನಲ್ಲಿ ಇರುವೆಯ ಚಿತ್ರ ತೋರಿಸಿ ಇದೇನು ಎಂದು ಕೇಳಿ ನೋಡಿ. ತುಳು ಮನೆಯ ಒಬ್ಬ ‘ಪಿಜಿನ್’ ಅನ್ನುತ್ತಾನೆ, ಮಲಯಾಳಂ ಮನೆಯ ಇನ್ನೊಬ್ಬಳು ‘ಉರುಂಬು’, ಹವ್ಯಕರ ಮನೆಯ ಮಗು ‘ಎರುಗು’. ಇರುವೆ ಎನ್ನುವ ಮಗು ಕೆಲವು ವರ್ಷ ಒಂದೂ ಇರುವುದಿಲ್ಲ. ಎಲ್ಲರಿಗೂ ಇರುವೆ ಗೊತ್ತು, ಕಚ್ಚಿಸಿಕೊಂಡದ್ದೂ ಇದೆ. ಗೊತ್ತಿಲ್ಲದ್ದು ನಮ್ಮ ಪುಸ್ತಕದ ಪದ. ಅದನ್ನು ತಿಳಿಯದೆ ಮಗುವಿಗೆ ಓದಲು ಬರುವುದಿಲ್ಲ ಎಂದು ಬರೆದುಬಿಡುತ್ತೇವೆ. ಒಮ್ಮೆ ಕ್ಲಾಸ್ ಪಿ.ಟಿ.ಎ.ಯಲ್ಲಿ (ಆ ಕ್ಲಾಸಿನ ರಕ್ಷಕರ ಸಭೆ) ಒಬ್ಬರು, “ಎಂಕುಲು ಇಲ್ಲಡ್ ತುಳು ಪಾತೆರುನಿ ಟೀಚರೆ, ಬಾಲೆಗ್ ಕನ್ನಡ ಶಾಲೆಗ್ ಬತ್ತಿ ಬೊಕ್ಕನೆ” ಎಂದರು. ಮನೆಯಲ್ಲಿ ತುಳು, ಮಗುವಿಗೆ ಕನ್ನಡ ಶಾಲೆಗೆ ಬಂದ ಮೇಲೆಯೇ. ಆಮೇಲೆ ನಾವು ಜೂನಿನ ಮೊದಲ ಎರಡು ವಾರ ತಾಯಂದಿರನ್ನು ಕೂರಿಸಿ ಮಗು ಮನೆಯಲ್ಲಿ ಪ್ರಾಣಿ, ಪಾತ್ರೆ, ಸಂಬಂಧಿಕರಿಗೆ ಏನೇನು ಹೇಳುತ್ತದೆಂದು ಪಟ್ಟಿ ಮಾಡಿದೆವು. ಕ್ಲಾಸಿನ ಗೋಡೆಯಲ್ಲಿ ಪ್ರತಿ ಚಿತ್ರದ ಕೆಳಗೆ ಆ ಎಲ್ಲ ಪದಗಳನ್ನೂ ಕನ್ನಡ ಲಿಪಿಯಲ್ಲಿ ಬರೆದೆವು. ಮಾತೇ ಆಡದ ಮಕ್ಕಳು ಗೋಡೆಯ ಹತ್ತಿರ ಹೋಗಿ ತಮ್ಮ ಮನೆಯ ಪದ ತೋರಿಸಿ ಓದಿದರು.

ಕನ್ನಡ ಗೊತ್ತಿಲ್ಲದ ಅಧ್ಯಾಪಕರ ನೇಮಕದ ವಿಷಯವನ್ನೂ ಬರೆಯದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ನಾನಿದ್ದ ಒಂದು ಶಾಲೆಯಲ್ಲಿ ಯು.ಪಿ. (ಐದರಿಂದ ಏಳನೇ ಕ್ಲಾಸು) ಮಕ್ಕಳಿಗೆ ವಿಜ್ಞಾನಕ್ಕೆ ಬಂದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರದೇನೂ ತಪ್ಪಿಲ್ಲ, ಪಾಪ, ಅವರೂ ದಿನಾ ಕಷ್ಟಪಟ್ಟರು. ಗೇಟಿನಲ್ಲಿ ಘೋಷಣೆ ಕೂಗುವ ಮಾತು ಬಂದಾಗ ಎಸ್.ಎಂ.ಸಿ. ಅಧ್ಯಕ್ಷರು ಬೇರೆ ದಾರಿ ಹಿಡಿದರು. ಎರಡು ವಾರ ಮಕ್ಕಳ ನೋಟ್ಸ್ ಸಂಗ್ರಹಿಸಿ, ಯಾವ ಪಾಠದ ಯಾವ ಭಾಗ ಮಕ್ಕಳಿಗೆ ತಲುಪಿಲ್ಲ ಎಂದು ಒಂದೊಂದಾಗಿ ಗುರುತು ಮಾಡಿ, ಪ್ರತಿಗಳ ಜೊತೆ ನಿರ್ಣಯವನ್ನು ಮೇಲಧಿಕಾರಿಗಳಿಗೆ ಕಳಿಸಿದರು. ಸಂವಿಧಾನದ 350ಎ ವಿಧಿಯನ್ನೂ ಅದರಲ್ಲಿ ಬರೆದಿದ್ದರು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಕೊಡಬೇಕೆನ್ನುವ ಆ ವಿಧಿ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು, ಕಾಸರಗೋಡು ಕೇರಳಕ್ಕೆ ಸೇರಿದ ಅದೇ ದಿನ. ನಮ್ಮ ಆ ಶಾಲೆಗೆ ಡಿಸೆಂಬರಿನಲ್ಲಿ ಬದಲಿ ವ್ಯವಸ್ಥೆ ಆಯಿತು. ಆದರೆ ಜೂನಿನಿಂದ ಅಲ್ಲಿಯವರೆಗಿನ ಪಾಠ ಆ ಮಕ್ಕಳಿಗೆ ಹೋದದ್ದು ಹೋದದ್ದೇ. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಎಸ್.ಎಂ.ಸಿ. ನೇರವಾಗಿ ಮಾಡಬಹುದಾದ, ಯಾರಿಗೂ ನೋವಾಗದ ಕೆಲಸ ಇನ್ನೊಂದಿದೆ. ಅದು ಪೀರಿಯಡ್ ಲೆಕ್ಕ ಇಡುವುದು. ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು. ಆರರಿಂದ ಎಂಟರವರೆಗೆ 220 ದಿನ, 1000 ಗಂಟೆ. ನಮ್ಮಲ್ಲಿ ಜುಲೈ ಮಳೆಗೆ ಕಲೆಕ್ಟರ್ ರಜೆ ಕೊಡುತ್ತಾರೆ, ಮಧ್ಯೆ ಬಿ.ಎಲ್.ಒ. (ಮತದಾರರ ಪಟ್ಟಿಯ) ಕೆಲಸ, ತರಬೇತಿ, ಮೇಳಗಳು. ಒಂದು ಕ್ಲಾಸಿಗೆ ಒಂದು ತಿಂಗಳಲ್ಲಿ ಎಷ್ಟು ಗಣಿತದ ಪೀರಿಯಡ್ ನಿಜವಾಗಿ ನಡೆಯಿತು ಎಂದು ಎಚ್.ಎಂ. (ಮುಖ್ಯೋಪಾಧ್ಯಾಯರು) ಅವರನ್ನು ವಿನಯದಿಂದ ಕೇಳಿ. ಲೆಕ್ಕ ಸಿಕ್ಕಿದರೆ ಯಾರು ಇಲ್ಲದಾಗ ಯಾರು ಆ ಕ್ಲಾಸಿಗೆ ಹೋಗುವುದು ಎಂಬ ಮಾತು ತಾನಾಗಿ ಬರುತ್ತದೆ.

ಮಾಡಬಾರದ್ದೂ ಇದೆ. ಸಭೆಯಲ್ಲಿ ಟೀಚರ ಹೆಸರು ಹಿಡಿದು ದೂರಬೇಡಿ. ನಿಮ್ಮ ಮಗಳನ್ನು ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ. ನಾಲ್ಕನೇ ಕ್ಲಾಸಿನವರ ಸ್ಕಾಲರ್‌ಶಿಪ್ ಎಷ್ಟು ಮಕ್ಕಳಿಗೆ ಸಿಕ್ಕಿತು ಎಂಬುದರ ಮೇಲೆ ಪಾಠವನ್ನು ಅಳೆಯಬೇಡಿ. ಹಾಗೆ ಅಳೆಯತೊಡಗಿದರೆ ನಾಲ್ಕನೇ ಕ್ಲಾಸಿನ ಐದಾರು ಜಾಣ ಮಕ್ಕಳಿಗೆ ಮಾತ್ರ ಸಂಜೆ ಕ್ಲಾಸು ನಡೆಯುತ್ತದೆ, ಉಳಿದವರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಎಚ್.ಎಂ. ಎಸ್.ಎಂ.ಸಿ.ಯಲ್ಲೂ ಇರುತ್ತಾರೆ, ಎಸ್.ಆರ್.ಜಿ.ಯಲ್ಲೂ ಇರುತ್ತಾರೆ. ಆದ್ದರಿಂದ ಮುಂದಿನ ಸಭೆಗೆ ಮೊದಲೇ ಅವರನ್ನು ಕಂಡು, ‘ಈ ಸಲ ಒಂದು ಅರ್ಧ ಗಂಟೆ ಮಕ್ಕಳ ನೋಟ್‌ಪುಸ್ತಕ ನೋಡೋಣ ಸಾರ್, ಅಲ್ಲಿ ಕಂಡದ್ದನ್ನು ಎಸ್.ಆರ್.ಜಿ.ಗೆ ಒಯ್ಯಿರಿ, ಅಲ್ಲಿ ಏನು ತೀರ್ಮಾನವಾಯಿತೆಂದು ಅದರ ಮುಂದಿನ ಸಭೆಯಲ್ಲಿ ನಮಗೆ ತಿಳಿಸಿ’ ಎಂದು ಕೇಳಿಕೊಳ್ಳಿ. ಹೋಗುವಾಗ ಮಗಳ ಪುಸ್ತಕ ತೆಗೆದುಕೊಂಡು ಹೋಗಿ. ಅವಳು ಮೂರನೇ ಕ್ಲಾಸು ಎಂದಿರಲ್ಲ, ಅದಕ್ಕೆ ಮೊದಲು ಇವತ್ತು ಸಂಜೆಯೇ 52ರಿಂದ 27 ಕಳೆಯಲು ಹೇಳಿ. ಉತ್ತರ ಏನೇ ಬರಲಿ, ಬೈಯಬೇಡಿ. ಹೇಗೆ ಮಾಡಿದೆ ಎಂದು ಕೇಳಿ, ಅವಳು ಹೇಳುವ ಮಾತನ್ನು ಹಾಗೆಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಭೆಯಲ್ಲಿ ಆ ಚೀಟಿಯನ್ನು ಮೊದಲು ಓದಿ.