ಸಾಲ ಮಾಡುವವರು ಒಬ್ಬರು, ತೀರಿಸುವವರು ಇನ್ನೊಬ್ಬರು

ದಿನನಿತ್ಯದ ಖರ್ಚಿಗೆ ಸಾಲ ಮಾಡುವ ಸರ್ಕಾರವನ್ನು, ಅದು ಯಾವ ಪಕ್ಷದ್ದೇ ಆಗಿರಲಿ, ವಿರೋಧಿಸಬೇಕೆಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಅದಕ್ಕೆ ಹಲವು ಪತ್ರಗಳನ್ನು ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಸರ್ಕಾರವೆಂದರೆ ಮನೆಯಲ್ಲ, ಅದಕ್ಕೆ ಈ ಗಾದೆ ಅನ್ವಯಿಸುವುದಿಲ್ಲ ಎಂದು ಅರ್ಥಶಾಸ್ತ್ರ ಓದಿದ ನನ್ನ ಮಗ ವಾದಿಸುತ್ತಾನೆ. ಯಾರ ಮಾತು ಸರಿ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಗುರುಗಳೇ, ನಿಮ್ಮ ಮಗನ ಮಾತನ್ನು ತಳ್ಳಿಹಾಕುವಂತಿಲ್ಲ. ಮನೆಯ ಯಜಮಾನನಿಗೆ ವಯಸ್ಸಾಗುತ್ತದೆ, ದುಡಿಮೆ ನಿಲ್ಲುತ್ತದೆ, ಸರ್ಕಾರಕ್ಕೆ ನಿವೃತ್ತಿಯಿಲ್ಲ. ತೆರಿಗೆ ವಿಧಿಸುವ ಅಧಿಕಾರ ಅದಕ್ಕಿದೆ, ಹಳೆಯ ಬಾಂಡಿನ (ಸಾಲಪತ್ರದ) ಅವಧಿ ಮುಗಿದಾಗ ಹೊಸ ಬಾಂಡ್ ಮಾರಿ ತೀರಿಸುವ ಅನುಕೂಲವೂ ಇದೆ. ದೇಶದ ಉತ್ಪನ್ನವು ಬಡ್ಡಿಯ ದರಕ್ಕಿಂತ ವೇಗವಾಗಿ ಬೆಳೆದರೆ, ಸಾಲದ ಮೊತ್ತ ಏರಿದರೂ ಅದರ ಭಾರ ಇಳಿಯಬಹುದು. ಇಷ್ಟನ್ನೂ ಒಪ್ಪಿಕೊಂಡ ಮೇಲೆ ಹೇಳುತ್ತೇನೆ: ಮನೆಗೂ ಸರ್ಕಾರಕ್ಕೂ ಇರುವ ಈ ವ್ಯತ್ಯಾಸವೇ ನನಗೆ ಹೆಚ್ಚಿನ ಆತಂಕ ಹುಟ್ಟಿಸುತ್ತದೆ. ಮನೆಯಲ್ಲಿ ಸಾಲದ ಪತ್ರಕ್ಕೆ ಸಹಿ ಹಾಕಿದವನೇ ಕಂತು ಕಟ್ಟಬೇಕು, ಆದ್ದರಿಂದ ಸಹಿ ಹಾಕುವ ಮುನ್ನ ಅವನು ಹತ್ತು ಸಲ ಯೋಚಿಸುತ್ತಾನೆ. ಸರ್ಕಾರದ ಪರವಾಗಿ ಸಾಲ ಎತ್ತುವವರ ಅಧಿಕಾರಾವಧಿ ಐದು ವರ್ಷ. ಅವರು ಮಾರುವ ಬಾಂಡಿನ ಅವಧಿ ಹತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ.

ತೈಲ ಬಾಂಡುಗಳನ್ನು ನೆನಪಿಸಿಕೊಳ್ಳಿ. 2005ರ ನಂತರದ ವರ್ಷಗಳಲ್ಲಿ ಡೀಸೆಲ್, ಸೀಮೆಎಣ್ಣೆ ಮತ್ತು ಅಡುಗೆ ಅನಿಲದ ಬೆಲೆಯನ್ನು ತಗ್ಗಿಸಿಡಲು ಕೇಂದ್ರ ಸರ್ಕಾರವು ತೈಲ ಕಂಪನಿಗಳಿಗೆ ನಗದಿನ ಬದಲು ಒಂದು ಲಕ್ಷ ಕೋಟಿ ರೂಪಾಯಿಗೂ ಮೀರಿದ ಬಾಂಡುಗಳನ್ನು ಕೊಟ್ಟಿತು. ಅವುಗಳಲ್ಲಿ ಬಹುಪಾಲಿನ ಅಸಲು ತೀರಿಸುವ ಸರದಿ 2021ರಿಂದ 2026ರ ನಡುವೆ ಬಂತು. ಅಂದು ಅಗ್ಗದ ಡೀಸೆಲ್ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. ಅಸಲು ತೀರುವ ಹೊತ್ತಿಗೆ ದುಡಿಮೆಗೆ ಬಂದು ತೆರಿಗೆ ಕಟ್ಟುತ್ತಿರುವ ಅನೇಕರು ಆಗ ಅಂಗನವಾಡಿಯಲ್ಲಿದ್ದ ಮಕ್ಕಳು.

ನಮ್ಮ ತಂದೆಯವರು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಯಜಮಾನರ ಸಾಲವನ್ನು ಅವರು ಪುಸ್ತಕದ ಎರಡು ಬೇರೆ ಬೇರೆ ಪುಟಗಳಲ್ಲಿ ಬರೆಯುತ್ತಿದ್ದರು. ಒಂದರ ತಲೆಯಲ್ಲಿ ‘ಗಿಡಕ್ಕೆ’ ಎಂದೂ ಇನ್ನೊಂದರಲ್ಲಿ ‘ಮನೆಗೆ’ ಎಂದೂ ಇರುತ್ತಿತ್ತು. ಹೊಸ ಗಿಡ ನೆಟ್ಟರೆ ಫಸಲು ಕೈಗೆ ಬರಲು ಮೂರು ನಾಲ್ಕು ವರ್ಷ ಬೇಕು, ಆದರೆ ಬಂದ ಮೇಲೆ ಆ ಗಿಡವೇ ತನ್ನ ಸಾಲವನ್ನು ತೀರಿಸಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಮನೆ ಪುಟದ ಸಾಲ ಬೆಳೆದ ವರ್ಷ ಅವರು ಯಜಮಾನರ ಮುಂದೆ ಪುಸ್ತಕ ತೆರೆದಿಟ್ಟು ಸುಮ್ಮನೆ ನಿಂತುಬಿಡುತ್ತಿದ್ದರಂತೆ. ಬಜೆಟ್ಟಿನ ಭಾಷೆಯಲ್ಲಿ ಆ ‘ಮನೆ’ ಪುಟದ ಸಾಲವೇ ರಾಜಸ್ವ ಕೊರತೆ: ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂತಹ ವರ್ಷವರ್ಷದ ಖರ್ಚಿಗೆ ವರ್ಷದ ವರಮಾನ ಸಾಲದೆ ಎತ್ತುವ ಸಾಲ. ಸಂಪ್ರದಾಯವಾದಿ ಅರ್ಥಚಿಂತನೆಯ ವಿರೋಧವು ಮೊದಲು ಇರಬೇಕಾದುದು ಇದಕ್ಕೆ.

ಇದು ಹೊರಗಿನಿಂದ ತಂದ ವಿಚಾರವಲ್ಲ. ಕೇಂದ್ರದ ಸಾಲಕ್ಕೆ ಸಂಸತ್ತು ಕಾನೂನಿನ ಮೂಲಕ ಮಿತಿ ಹಾಕಬಹುದೆಂದು ಸಂವಿಧಾನದ 292ನೇ ವಿಧಿ ಹೇಳುತ್ತದೆ. ಸಂವಿಧಾನ ಜಾರಿಯಾದ 1950ರಿಂದ 2003ರವರೆಗೆ ಅಂತಹ ಕಾನೂನನ್ನು ಯಾರೂ ಮಾಡಲಿಲ್ಲ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ, ಇಂದು ಕಾಸರಗೋಡಿಗೆ ಸೇರಿದ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ ಅವರನ್ನು ನಮ್ಮ ಪಠ್ಯಗಳು ಮರೆತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ನೀಡಲು ನೇಮಕವಾಗಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ, 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. ಜನರ ಉಳಿತಾಯ ಎಷ್ಟಿದೆಯೋ ಅದಕ್ಕೆ ಮೀರಿದ ಯೋಜನೆಯನ್ನು ಕೊರತೆ ಹಣದಿಂದ (ವರಮಾನವಿಲ್ಲದೆ ಸಾಲ ಮಾಡಿ ಇಲ್ಲವೇ ನೋಟು ಅಚ್ಚಿಸಿ ತಂದ ಹಣದಿಂದ) ನಡೆಸಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಬರಿದಾಗುತ್ತದೆ, ಅದನ್ನು ತಡೆಯಲು ನಿಯಂತ್ರಣಗಳ ಮೇಲೆ ನಿಯಂತ್ರಣ ಹೇರಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. 4,800 ಕೋಟಿ ರೂಪಾಯಿಗಳ ಆ ಸರ್ಕಾರಿ ಯೋಜನೆಯಲ್ಲಿ 1,200 ಕೋಟಿಯನ್ನು ಕೊರತೆ ಹಣಕಾಸಿನಿಂದಲೇ ತುಂಬಿಸುವ ಲೆಕ್ಕಾಚಾರವಿತ್ತು. ಎರಡೇ ವರ್ಷದಲ್ಲಿ, 1957ರಲ್ಲಿ, ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಯಿತು. 1959ರಲ್ಲಿ ರಾಜಾಜಿಯವರು ಸ್ವತಂತ್ರ ಪಕ್ಷ ಕಟ್ಟಿದಾಗ ಕೊರತೆ ಹಣಕಾಸಿನ ವಿರೋಧ ಅದರ ಮುಖ್ಯ ಮಾತುಗಳಲ್ಲಿ ಒಂದಾಗಿತ್ತು. ಎಂಬತ್ತರ ದಶಕದ ಕೊರತೆಗಳ ಕೊನೆಗೆ, 1991ರ ಜುಲೈನಲ್ಲಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಒತ್ತೆ ಇಡಬೇಕಾಯಿತು. ಕೊಲ್ಲಿ ಯುದ್ಧದಿಂದ ತೈಲ ಬೆಲೆ ಏರಿದ್ದೂ ಅದಕ್ಕೆ ಒಂದು ಕಾರಣ, ನಿಜ. ಆದರೆ ಅಂತಹ ಹೊಡೆತ ತಡೆದುಕೊಳ್ಳುವ ಶಕ್ತಿಯನ್ನು ನಾವು ಮೊದಲೇ ಖರ್ಚು ಮಾಡಿ ಕೂತಿದ್ದೆವು.

ಪ್ರಶ್ನೆ: ಸರ್ಕಾರದ ಸಾಲದಲ್ಲಿ ಹೆಚ್ಚಿನದು ದೇಶದೊಳಗಿನ ಸಾಲವಲ್ಲವೇ? ನಮ್ಮ ಹಣವನ್ನು ನಾವೇ ನಮಗೆ ಕೊಟ್ಟುಕೊಂಡಂತಾಯಿತು. ಹೆದರುವುದೇಕೆ?
– ಓದುಗರು, ಅರಸೀಕೆರೆ

ಉತ್ತರ: ಹೊರದೇಶದ ಕರೆನ್ಸಿಯಲ್ಲಿ ಮಾಡಿದ ಸಾಲಕ್ಕಿಂತ ರೂಪಾಯಿ ಸಾಲ ಸುರಕ್ಷಿತ ಎಂಬುದನ್ನು ಒಪ್ಪುತ್ತೇನೆ. ಆದರೆ ಇಲ್ಲಿ ‘ನಾವು’ ಮತ್ತು ‘ನಮಗೆ’ ಎರಡೂ ಒಂದೇ ಜನವಲ್ಲ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬಡ್ಡಿಗೆಂದೇ 12.76 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದಾರೆ. ಸರ್ಕಾರದಿಂದ ಹೋಗುವ ಪ್ರತಿ ರೂಪಾಯಿಯಲ್ಲಿ ಅದು 20 ಪೈಸೆ. ಬರುವ ರೂಪಾಯಿಯಲ್ಲಿ 24 ಪೈಸೆ ಸಾಲದ್ದು. ಅಂದರೆ ಹೊಸ ಸಾಲದ ಬಹುಭಾಗಕ್ಕೆ ಸಮನಾದ ಹಣ ಹಳೆಯ ಸಾಲದ ಬಡ್ಡಿಗೇ ಹೋಗುತ್ತಿದೆ. ಅರಸೀಕೆರೆಯ ಸಂತೆಯಲ್ಲಿ ಸೋಪು ಕೊಳ್ಳುವ ಕೂಲಿಯವನೂ ಜಿಎಸ್‌ಟಿಯ ಮೂಲಕ ಆ ಬಡ್ಡಿಯ ಪಾಲನ್ನು ಕಟ್ಟುತ್ತಾನೆ. ಅದನ್ನು ಪಡೆಯುವವರು ಬಾಂಡ್ ಹೊಂದಿರುವ ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯ ನಿಧಿಗಳು ಮತ್ತು ಅವುಗಳಲ್ಲಿ ಉಳಿತಾಯ ಇಡುವಷ್ಟು ಶಕ್ತಿ ಇರುವವರು. ಬ್ಯಾಂಕುಗಳು ತಮ್ಮ ಠೇವಣಿಯ ಶೇ 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳ ರೂಪದಲ್ಲಿ ಇಡಲೇಬೇಕೆಂಬ ನಿಯಮವೂ ಇದೆ. ಸರ್ಕಾರ ಹೆಚ್ಚು ಹೆಚ್ಚು ಸಾಲ ಕೇಳಿದಂತೆ, ಅದೇ ಬ್ಯಾಂಕಿನ ಬಾಗಿಲಲ್ಲಿ ನಿಂತ ಸಣ್ಣ ಉದ್ಯಮಿಗೆ ಉಳಿಯುವ ಹಣ ಕಡಿಮೆಯಾಗುತ್ತದೆ, ಬಡ್ಡಿ ಏರುತ್ತದೆ.

ಪ್ರಶ್ನೆ: ಅಮೆರಿಕದ ರಿಪಬ್ಲಿಕನ್ನರು ಸರ್ಕಾರಿ ಸಾಲದ ಕಡು ವಿರೋಧಿಗಳೆಂದು ಓದಿದ್ದೇನೆ. ಆದರೆ ಅವರ ಆಡಳಿತದಲ್ಲೂ ಸಾಲ ಬೆಳೆದಿದೆಯಲ್ಲ?
– ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಬೆಳೆದಿದೆ, ಮತ್ತು ಆ ವಿಚಾರದ ಬಗ್ಗೆ ಗೌರವವಿರುವ ನನ್ನಂಥವನು ಇದನ್ನು ಮುಚ್ಚಿಡಬಾರದು. 1835ರ ಜನವರಿಯಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರ ಕಾಲದಲ್ಲಿ ಆ ದೇಶ ತನ್ನ ಸಾಲವನ್ನು ಪೂರ್ತಿ ತೀರಿಸಿತ್ತು. ಕೊರತೆಯನ್ನು ಕಟುವಾಗಿ ಟೀಕಿಸಿ 1981ರಲ್ಲಿ ಅಧಿಕಾರಕ್ಕೆ ಬಂದ ರೊನಾಲ್ಡ್ ರೇಗನ್ ಅವರ ಎಂಟು ವರ್ಷಗಳಲ್ಲಿ ಅದೇ ದೇಶದ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ತೆರಿಗೆ ಇಳಿಯಿತು, ರಕ್ಷಣಾ ವೆಚ್ಚ ಏರಿತು, ಉಳಿದ ಖರ್ಚು ಅದಕ್ಕೆ ತಕ್ಕಂತೆ ಇಳಿಯಲಿಲ್ಲ. 1998ರಿಂದ 2001ರವರೆಗಿನ ನಾಲ್ಕು ಮಿಗತೆ ಬಜೆಟ್ಟುಗಳು ಸಾಧ್ಯವಾದದ್ದು ಡೆಮಾಕ್ರಟಿಕ್ ಅಧ್ಯಕ್ಷ ಬಿಲ್ ಕ್ಲಿಂಟನ್ ಮತ್ತು ರಿಪಬ್ಲಿಕನ್ ಬಹುಮತದ ಸಂಸತ್ತು ಒಬ್ಬರ ಖರ್ಚಿಗೆ ಇನ್ನೊಬ್ಬರು ತಡೆ ಹಾಕಿದ ಕಾಲದಲ್ಲಿ. 1917ರಿಂದಲೂ ಅಲ್ಲಿ ಸಾಲಕ್ಕೆ ಕಾನೂನಿನ ಮಿತಿ ಇದೆ, ಆದರೆ ಮತ್ತೆ ಮತ್ತೆ ಅದನ್ನು ಏರಿಸುತ್ತಲೇ ಬಂದಿದ್ದಾರೆ. 2011ರಲ್ಲಿ ಆ ಮಿತಿಯ ಜಗಳ ವಿಪರೀತಕ್ಕೆ ಹೋಗಿ, ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಅತ್ಯುನ್ನತ ಸಾಲಾರ್ಹತೆಯ ಶ್ರೇಣಿಯನ್ನು ಮೊದಲ ಬಾರಿಗೆ ಇಳಿಸಿತು. 2024ರ ಹಣಕಾಸು ವರ್ಷದಲ್ಲಿ ಅಲ್ಲಿನ ಬಡ್ಡಿ ವೆಚ್ಚ ರಕ್ಷಣಾ ವೆಚ್ಚವನ್ನೂ ಮೀರಿತು. 2025ರ ಜುಲೈನಲ್ಲಿ ರಿಪಬ್ಲಿಕನ್ನರೇ ಅಂಗೀಕರಿಸಿದ ಒಂದೇ ಕಾನೂನು ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರ್‌ಗಳಷ್ಟು ಹೆಚ್ಚಿಸಿತು. ಆ ಪಕ್ಷದೊಳಗಿದ್ದೂ ಸಾಲದ ಕಾರಣಕ್ಕೆ ಅದರ ವಿರುದ್ಧ ಮತ ಹಾಕಿದ ಸೆನೆಟರ್ ರ‍್ಯಾಂಡ್ ಪಾಲ್, ಪ್ರತಿನಿಧಿ ಥಾಮಸ್ ಮಾಸಿ ಅವರಂಥವರು ಬೆರಳೆಣಿಕೆಯಷ್ಟು. ವಿರೋಧ ಪಕ್ಷದಲ್ಲಿದ್ದಾಗ ನೆನಪಾಗಿ ಅಧಿಕಾರ ಸಿಕ್ಕಾಗ ಮರೆಯುವ ತತ್ವವನ್ನು ನಾನು ಸಂಪ್ರದಾಯವಾದವೆಂದು ಕರೆಯಲಾರೆ.

ನಮ್ಮಲ್ಲೂ ಸ್ಥಿತಿ ಬಹಳ ಬೇರೆಯಲ್ಲ. ಸರ್ಕಾರದ ಕೊರತೆಗೆ ಮಿತಿ ಹಾಕುವ 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ವಾಜಪೇಯಿ ಸರ್ಕಾರದ ಕಾಲದ್ದು; ಅದನ್ನು ಜಾರಿಗೆ ತಂದದ್ದು 2004ರಲ್ಲಿ ಮನಮೋಹನ್ ಸಿಂಗ್ ಸರ್ಕಾರ. ವಿತ್ತೀಯ ಕೊರತೆಯನ್ನು, ಅಂದರೆ ಸರ್ಕಾರ ಒಂದು ವರ್ಷದಲ್ಲಿ ಎತ್ತುವ ಒಟ್ಟು ಸಾಲವನ್ನು, ದೇಶದ ಒಟ್ಟು ಉತ್ಪನ್ನದ ಶೇ 3ಕ್ಕೆ ಇಳಿಸುವ ಗುರಿ 2007-08ರಲ್ಲಿ ಕೈಗೂಡಿತು, ಮರುವರ್ಷವೇ ಜಾರಿತು, ಕೋವಿಡ್‌ ವರ್ಷದಲ್ಲಿ ಕೊರತೆ ಶೇ 9ನ್ನು ದಾಟಿತು. ಕೋವಿಡ್‌ನಂತಹ ಆಪತ್ತಿನಲ್ಲಿ ಸಾಲ ಮಾಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ 2025-26ರ ಬಜೆಟ್ಟಿನಲ್ಲೂ ಗುರಿ ಶೇ 4.4ರಲ್ಲೇ ಇದೆ.

ಪ್ರಶ್ನೆ: ಸಾಲವೇ ಬೇಡವೆಂದರೆ ಎತ್ತಿನಹೊಳೆಯಂತಹ ಯೋಜನೆಗಳು ಆಗುವುದು ಹೇಗೆ?
– ಓದುಗರು, ಸಕಲೇಶಪುರ

ಉತ್ತರ: ಸಾಲವೇ ಬೇಡವೆಂದು ನಾನು ಬರೆದಿಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟನ್ನು ಒಂದು ವರ್ಷದ ತೆರಿಗೆಯಿಂದ ಕಟ್ಟಲು ಸಾಧ್ಯವಿರಲಿಲ್ಲ. ಅದರ ನೀರನ್ನು ಇಂದಿನ ತಲೆಮಾರು ಬಳಸುತ್ತಿರುವಾಗ ವೆಚ್ಚದ ಪಾಲನ್ನು ಅದು ಹೊರುವುದು ನ್ಯಾಯವೇ. ಆದರೆ ‘ಗಿಡಕ್ಕೆ’ ಎಂಬ ಪುಟದಲ್ಲಿ ಬರೆದ ಮಾತ್ರಕ್ಕೆ ಸಾಲ ಒಳ್ಳೆಯದಾಗುವುದಿಲ್ಲ, ಗಿಡ ಫಸಲು ಕೊಡಬೇಕು. ನಿಮ್ಮ ತಾಲ್ಲೂಕಿನಲ್ಲೇ ಆರಂಭವಾಗಿ ಕೋಲಾರದ ಕಡೆಗೆ ಕುಡಿಯುವ ನೀರು ಒಯ್ಯುವ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ ಸುಮಾರು 8,323 ಕೋಟಿ ಇದ್ದದ್ದು 2014ರಲ್ಲಿ 12,912 ಕೋಟಿಗೆ, ಆಮೇಲೆ 23,251 ಕೋಟಿಗೆ ಏರಿತು. ಮೊದಲ ಹಂತದ ಉದ್ಘಾಟನೆ ನಡೆದದ್ದು 2024ರ ಸೆಪ್ಟೆಂಬರ್‌ನಲ್ಲಿ. ಪಶ್ಚಿಮ ಘಟ್ಟಕ್ಕೆ ಆದ ಹಾನಿಯನ್ನು ಈ ಲೆಕ್ಕದಲ್ಲಿ ನಾನು ಸೇರಿಸಿಲ್ಲ. ಕೋಲಾರದ ಜನರ ನೀರಿನ ಕಷ್ಟ ನಿಜವಾದದ್ದು, ಅದರ ಬಗ್ಗೆ ಎರಡು ಮಾತಿಲ್ಲ. ಆದ್ದರಿಂದಲೇ ವೆಚ್ಚ ಮೂರು ಪಟ್ಟಿನ ಹತ್ತಿರ ಹೋಗುವಾಗ, ಸಿಗುವ ನೀರಿನ ಪ್ರಮಾಣವನ್ನು ಮತ್ತೊಮ್ಮೆ ಅಳೆದು ಸದನದ ಮುಂದಿಡಬೇಕಿತ್ತು.

ಪ್ರಶ್ನೆ: ಗ್ಯಾರಂಟಿ ಯೋಜನೆಗಳನ್ನು ಟೀಕಿಸುವವರು ಬೆಳೆಗಾರರ ಸಾಲ ಮನ್ನಾ ಬಗ್ಗೆ ಏಕೆ ಮೌನವಾಗಿರುತ್ತಾರೆ? ನಾನೂ ಬೆಳೆಗಾರನೇ, ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ನಿಮ್ಮ ಪ್ರಶ್ನೆಗೆ ಕೃತಜ್ಞತೆ ಸಲ್ಲಿಸುತ್ತೇನೆ, ನಮ್ಮ ಜಿಲ್ಲೆಗಳಲ್ಲಿ ಇದನ್ನು ಬಹಿರಂಗವಾಗಿ ಕೇಳುವವರು ಕಡಿಮೆ. ವಿತ್ತೀಯ ಹೊಣೆಗಾರಿಕೆಯ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ಕರ್ನಾಟಕ, 2002ರಲ್ಲಿ. 2004-05ರಿಂದ ಕೋವಿಡ್‌ ಬರುವವರೆಗೆ ನಮ್ಮದು ರಾಜಸ್ವ ಮಿಗತೆಯ ರಾಜ್ಯವಾಗಿತ್ತು, ಮತ್ತು ಆ ಅವಧಿಯಲ್ಲಿ ಮೂರೂ ಪಕ್ಷಗಳವರು ಆಳಿದ್ದರು. 2025-26ರ ಬಜೆಟ್ಟಿನಲ್ಲಿ 19,262 ಕೋಟಿ ರೂಪಾಯಿ ರಾಜಸ್ವ ಕೊರತೆಯ ಅಂದಾಜಿದೆ, 1.16 ಲಕ್ಷ ಕೋಟಿ ಸಾಲ ಎತ್ತುವ ಪ್ರಸ್ತಾವವಿದೆ. ರಾಜ್ಯದ ಒಟ್ಟು ಹೊಣೆಯು (ತೀರಿಸಬೇಕಾದ ಸಾಲವೆಲ್ಲ) ಆಂತರಿಕ ಉತ್ಪನ್ನದ ಶೇ 25ನ್ನು ಮೀರಬಾರದೆಂದು ಕಾನೂನು ಹೇಳಿದರೆ, ಅಂದಾಜು ಶೇ 24.91ರಲ್ಲಿ ನಿಂತಿದೆ. ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ತೋಟದ ಲೈನಿನಲ್ಲಿ (ಕೂಲಿಯವರ ಸಾಲುಮನೆಯಲ್ಲಿ) ಇರುವ ಹೆಣ್ಣುಮಗಳಿಗೆ ಎಂತಹ ಆಸರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಯೋಜನೆ ಒಳ್ಳೆಯದೆಂಬ ನಂಬಿಕೆ ಸರ್ಕಾರಕ್ಕಿದ್ದರೆ ಅದಕ್ಕೆ ಬೇಕಾದ ತೆರಿಗೆಯನ್ನು ಹಾಕಲಿ, ಅಥವಾ ಯಾವ ಖರ್ಚನ್ನು ಕಡಿದು ಇದನ್ನು ಕೊಡುತ್ತಿದ್ದೇವೆಂದು ಹೇಳಲಿ ಎಂಬುದಷ್ಟೇ ನನ್ನ ಬೇಡಿಕೆ. ತೆರಿಗೆ ಹಾಕಿದರೆ ಕಟ್ಟುವವರು ಪ್ರಶ್ನಿಸುತ್ತಾರೆ. ಸಾಲ ಮಾಡಿದರೆ ಪ್ರಶ್ನಿಸಬೇಕಾದವರಿಗೆ ಇನ್ನೂ ಮತದಾನದ ವಯಸ್ಸಾಗಿಲ್ಲ.

ಇದೇ ಅಳತೆಗೋಲು ನಮಗೂ ಅನ್ವಯಿಸಬೇಕು. 2010ರಲ್ಲಿ ಸಣ್ಣ ಕಾಫಿ ಬೆಳೆಗಾರರಿಗೆ ಕೇಂದ್ರದ ಸಾಲ ಪರಿಹಾರ ಬಂತು. 2018ರ ಜುಲೈ ಬಜೆಟ್ಟಿನಲ್ಲಿ ಹಾಸನ ಜಿಲ್ಲೆಯವರೇ ಆದ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು 34,000 ಕೋಟಿ ರೂಪಾಯಿಗಳ ಬೆಳೆ ಸಾಲ ಮನ್ನಾ ಘೋಷಿಸಿದರು. ಮಳೆ ಕೈಕೊಟ್ಟು, ಬೆಲೆ ನೆಲಕಚ್ಚಿ ಬದುಕೇ ಮುಳುಗುವ ಸಣ್ಣ ರೈತನಿಗೆ ಆಸರೆ ಬೇಕು. ಆದರೆ ಕಾಫಿಗೆ ಒಳ್ಳೆಯ ಬೆಲೆ ಇರುವ ವರ್ಷಗಳಲ್ಲೂ ದೊಡ್ಡ ತೋಟದವರು ಬಡ್ಡಿ ರಿಯಾಯಿತಿ ಕೇಳಿ ಮನವಿ ಸಲ್ಲಿಸುವುದನ್ನು, ಅದೇ ಬಾಯಲ್ಲಿ ಕೂಲಿಯವರ ಉಚಿತ ಅಕ್ಕಿಯನ್ನು ಟೀಕಿಸುವುದನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಅಲ್ಲಿ ಎದ್ದು ನಿಂತು ವಿರೋಧಿಸದೆ ಇದ್ದದ್ದು ನನ್ನ ತಪ್ಪು.

ಪ್ರಶ್ನೆ: ಈ ಅಂಕಿಗಳನ್ನು ನಮ್ಮಂಥವರು ಎಲ್ಲಿ ನೋಡಬೇಕು?
– ಗೃಹಿಣಿ, ಬೇಲೂರು

ಉತ್ತರ: ರಾಜ್ಯ ಬಜೆಟ್ಟಿನ ಜೊತೆಯಲ್ಲೇ ಆರ್ಥಿಕ ಇಲಾಖೆಯು ಮಧ್ಯಮಾವಧಿ ವಿತ್ತೀಯ ಯೋಜನೆ ಎಂಬ ದಾಖಲೆಯನ್ನು ಸದನದಲ್ಲಿ ಮಂಡಿಸುತ್ತದೆ, ಇಲಾಖೆಯ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ. ಮೊದಲು ರಾಜಸ್ವ ಕೊರತೆಯ ಸಾಲನ್ನು ಹುಡುಕಿ, ಆಮೇಲೆ ಬಡ್ಡಿ ಪಾವತಿಯ ಸಾಲನ್ನು ನೋಡಿ. ನಂತರ ಮಹಾಲೇಖಪಾಲರು (ಸಿಎಜಿ) ರಾಜ್ಯದ ಹಣಕಾಸಿನ ಬಗ್ಗೆ ಪ್ರತಿವರ್ಷ ಕೊಡುವ ವರದಿಯನ್ನು ಓದಿ. ನಿಗಮ, ಮಂಡಳಿಗಳ ಹೆಸರಿನಲ್ಲಿ ಬಜೆಟ್ಟಿನ ಹೊರಗೆ ಎತ್ತಿದ ಸಾಲದ ವಿವರ ಅದರಲ್ಲಿರುತ್ತದೆ, ಮತ್ತು ಮಿತಿಯ ಅಂಚಿನಲ್ಲಿ ನಿಂತಿರುವ ರಾಜ್ಯದಲ್ಲಿ ಮೊದಲು ಓದಬೇಕಾದ ಪುಟಗಳು ಅವೇ.