ತಹಶೀಲ್ದಾರರ ಕಚೇರಿ ಮೊದಲು, ಬ್ಯಾಂಕು ಆಮೇಲೆ

ಮಕ್ಕಳ ಕಾಲೇಜು ಖರ್ಚಿನ ಬಗ್ಗೆ ಈ ಸಲ ನಾಲ್ಕು ಪತ್ರ ಬಂದಿವೆ. ನಾನು ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತು ನಿವೃತ್ತನಾದವನು, ಅದೂ ಮುಂಬೈ ಶಾಖೆಗಳಲ್ಲೇ ಜಾಸ್ತಿ. ಅದಕ್ಕೇ ಸಂಪಾದಕರು ದುಡ್ಡಿನ ಪತ್ರಗಳನ್ನೆಲ್ಲ ನನ್ನ ಕಡೆ ತಳ್ಳುತ್ತಾರೆ.

ಪ್ರಶ್ನೆ: ಸರ್, ನಾನು ಡೊಂಬಿವಲಿಯಲ್ಲಿದ್ದೇನೆ. 24 ವರ್ಷದಿಂದ ಹೋಟೆಲಿನಲ್ಲಿ ಕ್ಯಾಶಿಯರ್. ಎಲ್ಲ ಸೇರಿ ವರ್ಷಕ್ಕೆ ಐದೂವರೆ ಲಕ್ಷ ಬರುತ್ತದೆ. ಮಗ ಹನ್ನೊಂದನೇ ಸೈನ್ಸ್, ಇಲ್ಲೇ ಹುಟ್ಟಿ ಇಲ್ಲೇ ಓದಿದವನು, ಇಂಜಿನಿಯರಿಂಗ್ ಮಾಡುತ್ತೇನೆ ಅನ್ನುತ್ತಾನೆ. 3 ಲಕ್ಷದ ಎಫ್‌ಡಿ ಇದೆ, ಪಿಎಫ್ ಇದೆ, ಊರಲ್ಲಿ ಹತ್ತು ಸೆಂಟ್ಸ್ ಜಾಗ ಇದೆ. ಹೆಂಡತಿ ತನ್ನ ಚಿನ್ನ ಕೊಡುತ್ತೇನೆ ಅನ್ನುತ್ತಾಳೆ. ಯಾವುದಕ್ಕೆ ಮೊದಲು ಕೈ ಹಾಕಲಿ?

ಉತ್ತರ: ಸದ್ಯಕ್ಕೆ ಯಾವುದಕ್ಕೂ ಬೇಡ. ನೀವು ಇರುವ ಆಸ್ತಿಯನ್ನೆಲ್ಲ ಬರೆದಿದ್ದೀರಿ, ಕಾಗದಪತ್ರದ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಿಮ್ಮ ಆದಾಯದವರಿಗೆ ಅರ್ಧ ದುಡ್ಡು ಉಳಿಯುವುದು ಅಲ್ಲೇ.

ಮಹಾರಾಷ್ಟ್ರ ಸರ್ಕಾರದ ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶಿಷ್ಯವೃತ್ತಿ ಅಂತ ಒಂದು ಯೋಜನೆ ಇದೆ. ಕಾಲೇಜಿನ ಕಿಟಕಿಯಲ್ಲಿ ಅದನ್ನು ಎಲ್ಲರೂ ಇಬಿಸಿ ಅಂತಲೇ ಕರೆಯುವುದು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದು, ಮಗನಿಗೆ ರಾಜ್ಯದ ಡೊಮಿಸೈಲ್ (ಇಲ್ಲಿಯ ನಿವಾಸಿ ಅನ್ನುವ ಪ್ರಮಾಣಪತ್ರ) ಇದ್ದು, ಸೀಟು ಸಿಇಟಿ ಪ್ರವೇಶ ಪರೀಕ್ಷೆ ಬರೆದು ಕ್ಯಾಪ್ ರೌಂಡಿನಲ್ಲಿ, ಅಂದರೆ ಸರ್ಕಾರ ನಡೆಸುವ ಸೀಟು ಹಂಚಿಕೆಯಲ್ಲಿ, ಸಿಕ್ಕಿದ್ದರೆ, ಓಪನ್ ವರ್ಗದವರಿಗೂ ಬೋಧನಾ ಶುಲ್ಕದಲ್ಲಿ ಅರ್ಧ ಮಾಫಿ. ಖಾಸಗಿ ಕಾಲೇಜಾದರೂ ಸಿಗುತ್ತದೆ. ಆದರೆ ಮ್ಯಾನೇಜ್‌ಮೆಂಟ್ ಕೋಟಾಗೆ ಇಲ್ಲ, ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಿಗೂ ಇಲ್ಲ. "ಸೀಟು ನಾನು ಮಾಡಿಸಿ ಕೊಡುತ್ತೇನೆ" ಅನ್ನುವ ಏಜೆಂಟರು ಇದನ್ನು ಹೇಳುವುದೇ ಇಲ್ಲ.

ಹಾಗಾಗಿ ಈಗಲೇ ಕಲ್ಯಾಣದ ತಹಶೀಲ್ದಾರರ ಕಚೇರಿಗೋ ಇಂಥ ಸರ್ಟಿಫಿಕೇಟ್‌ಗಳ ಅರ್ಜಿ ತೆಗೆದುಕೊಳ್ಳುವ ಹತ್ತಿರದ ಸೇತು ಕೇಂದ್ರಕ್ಕೋ ಹೋಗಿ ಮಗನ ಡೊಮಿಸೈಲ್ ಮಾಡಿಸಿಡಿ. ಅದು ಒಮ್ಮೆ ಮಾಡಿಸಿದರೆ ಮುಗಿಯಿತು. ಆದಾಯದ ಸರ್ಟಿಫಿಕೇಟ್ ಮಾತ್ರ ಹಾಗಲ್ಲ, ಸೀಟು ಸಿಗುವ ವರ್ಷದ ಹಿಂದಿನ ಆರ್ಥಿಕ ವರ್ಷದ್ದೇ ಬೇಕು. ನನ್ನ ತಮ್ಮ ಭಾಂಡುಪ್‌ನಲ್ಲಿ ಕ್ಯಾಂಟೀನ್ ನಡೆಸುತ್ತಾನೆ. ಅವನ ಮಗನ ಅರ್ಜಿಗೆ ಲಗತ್ತಿಸಿದ ಸರ್ಟಿಫಿಕೇಟ್‌ನಲ್ಲಿ ಇಸವಿ ಒಂದು ವರ್ಷ ಹಿಂದಿನದಾಗಿತ್ತು, ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಕಾಲೇಜಿನವರು ವಾಪಸ್ ಕಳಿಸಿದರು. ಹೊಸದು ಕೈಗೆ ಬರುವಷ್ಟರಲ್ಲಿ ಶಿಷ್ಯವೃತ್ತಿಗೆ ಅರ್ಜಿ ಹಾಕುವ ಮಹಾಡಿಬಿಟಿ ಪೋರ್ಟಲ್‌ನ ಕೊನೆಯ ದಿನ ದಾಟಿತ್ತು. ಆ ವರ್ಷ ಪೂರ್ತಿ ಶುಲ್ಕ ಕಟ್ಟಿದ. ಸಾಲದ ಮೇಜಿನಲ್ಲಿ ಮೂವತ್ತು ವರ್ಷ ಕೂತ ಅಣ್ಣನಿದ್ದೂ ಹೀಗಾಯಿತಲ್ಲ ಅಂತ ಇವತ್ತಿಗೂ ಹಬ್ಬದ ಊಟಕ್ಕೆ ಕೂತಾಗ ನೆನಪು ಮಾಡುತ್ತಾನೆ.

ಇನ್ನೊಂದು ಇದೆ, ಟಿಎಫ್‌ಡಬ್ಲ್ಯೂಎಸ್. ಪ್ರತಿ ಕೋರ್ಸಿನಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಪೂರ್ತಿ ಮಾಫಿ, ಆದಾಯದ ಮಿತಿ ಇಲ್ಲೂ 8 ಲಕ್ಷವೇ. ಕಟ್‌ಆಫ್ ಮೇಲಿರುತ್ತದೆ, ನಿಜ. ಆದರೆ ಆಪ್ಷನ್ ಫಾರ್ಮ್ ತುಂಬುವಾಗ ಆ ಸೀಟಿಗೆ ಕೊನೆಯಲ್ಲಿ 'ಟಿ' ಅಕ್ಷರ ಇರುವ ಬೇರೆಯೇ ಕೋಡ್ ಇರುತ್ತದೆ, ಅದನ್ನು ಹಾಕದಿದ್ದರೆ ಅಂಕ ಎಷ್ಟಿದ್ದರೂ ಸಿಗುವುದಿಲ್ಲ. ಮಗನ ಪಕ್ಕ ಕೂತು ತುಂಬಿಸಿ.

ಈಗ ಲೆಕ್ಕ. ಖಾಸಗಿ ಕಾಲೇಜಿನ ಶುಲ್ಕ ವರ್ಷಕ್ಕೆ 1.6 ಲಕ್ಷ, ಅದರಲ್ಲಿ ಬೋಧನಾ ಶುಲ್ಕ 1.4 ಲಕ್ಷ ಅಂತ ಇಟ್ಟುಕೊಳ್ಳಿ. ಅರ್ಧ ಮಾಫಿಯಾದರೆ ನೀವು ಕಟ್ಟುವುದು 90 ಸಾವಿರ. ನಾಲ್ಕು ವರ್ಷಕ್ಕೆ 3.6 ಲಕ್ಷ. ಲ್ಯಾಪ್‌ಟಾಪ್, ಪುಸ್ತಕ, ಟ್ರೇನ್ ಪಾಸ್ ಸೇರಿ ಇನ್ನೊಂದು ಲಕ್ಷ. ಒಟ್ಟು 4.6 ಲಕ್ಷ. ಎಫ್‌ಡಿಯಲ್ಲಿ ಒಂದು ಲಕ್ಷವನ್ನು ಆಪತ್ತಿಗೆ ಅಂತ ಮುಟ್ಟದೆ ಇಡಿ, ಎರಡು ಲಕ್ಷ ವರ್ಷ ವರ್ಷ ಹಂಚಿ ಬಳಸಿ. ಉಳಿದ 2.6 ಲಕ್ಷಕ್ಕೆ ಶಿಕ್ಷಣ ಸಾಲ.

ಸಾಲ ಅಂದ ಕೂಡಲೇ ಜಾಗ ಅಡ ಇಡಬೇಕು ಅಂತ ನೀವು ಯೋಚಿಸುತ್ತೀರಿ ಅಲ್ವಾ? ಬೇಡ. 4 ಲಕ್ಷದವರೆಗೆ ಅಡಮಾನವೂ ಇಲ್ಲ, ಕೈಯಿಂದ ಇಂತಿಷ್ಟು ಹಾಕಿ ಅನ್ನುವ ಮಾರ್ಜಿನ್ ಕೂಡ ಇಲ್ಲ. ಸಾಲ ಮಗನ ಹೆಸರಲ್ಲಿ, ನೀವು ಜೊತೆಗೆ ಸಹಿ ಹಾಕುವವರು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಾ ಇರುತ್ತದೆ. ಆ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಹೋದರೆ ಹೆಚ್ಚಿನ ಬ್ಯಾಂಕುಗಳು ದರದಲ್ಲಿ ಒಂದು ಪರ್ಸೆಂಟ್ ಇಳಿಸುತ್ತವೆ, ಮಗ ಕೆಲಸಕ್ಕೆ ಸೇರುವಾಗ ಅಸಲು ಅಷ್ಟೇ ಇರುತ್ತದೆ. 2.6 ಲಕ್ಷವನ್ನು 10% ದರದಲ್ಲಿ ಐದು ವರ್ಷಕ್ಕೆ ತೀರಿಸಲು ಕಂತು ಸುಮಾರು 5,500 ರೂಪಾಯಿ. ಮೊದಲ ಸಂಬಳದಲ್ಲೇ ಹುಡುಗ ಕಟ್ಟಬಲ್ಲ.

ಕಾಲೇಜು ಕೇಂದ್ರ ಸರ್ಕಾರದ ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿದೆಯೇ ಅಂತಲೂ ನೋಡಿ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಯೋಜನೆ. ಅಡಮಾನ, ಜಾಮೀನು ಎರಡೂ ಇಲ್ಲ, 8 ಲಕ್ಷದ ಒಳಗಿನ ಆದಾಯವಿದ್ದು ಬೇರೆ ಸರ್ಕಾರಿ ಶಿಷ್ಯವೃತ್ತಿ ಪಡೆಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ, ಕಂತು ಶುರುವಾಗುವ ತನಕ, ಬಡ್ಡಿಯಲ್ಲಿ 3% ಸರ್ಕಾರ ಕೊಡುತ್ತದೆ. ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾ ಇಲ್ಲೂ ನಡೆಯುವುದಿಲ್ಲ.

ಪಿಎಫ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳ ಓದಿಗೆ ಪಿಎಫ್ ಪೂರ್ತಿ ಬಳಿದು ತೆಗೆದ ಹೋಟೆಲ್ ಮ್ಯಾನೇಜರ್ ಒಬ್ಬರು ನನ್ನ ಶಾಖೆಗೆ ಬರುತ್ತಿದ್ದರು. ಮಗಳು ಚೆನ್ನಾಗಿಯೇ ಇದ್ದಾಳೆ. ಇವರು 63ನೇ ವಯಸ್ಸಿನಲ್ಲಿ ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಸ್ಟೂಲಿನಲ್ಲಿ ಕೂತಿದ್ದರು. ಮಗಳ ಹತ್ತಿರ ಕೇಳಲು ನಾಚಿಕೆ ಅಂದರು. ಊರಿನ ಜಾಗ? ಆರ್‌ಟಿಸಿಯಲ್ಲಿ ಎಷ್ಟು ಅಣ್ಣತಮ್ಮಂದಿರ ಹೆಸರಿದೆ ನೋಡಿ. ಎಲ್ಲರ ಸಹಿ ಆಗುವಷ್ಟರಲ್ಲಿ ನಿಮ್ಮ ಮಗ ಡಿಗ್ರಿ ಮುಗಿಸಿರುತ್ತಾನೆ. ಚಿನ್ನ ಹಾಗೇ ಇರಲಿ, ಅಡ್ಮಿಷನ್ ದಿನ ಸಾಲ ಬರುವುದು ತಡವಾದರೆ ಎರಡು ತಿಂಗಳ ಮಟ್ಟಿಗೆ ಅಡ ಇಟ್ಟು ಬಿಡಿಸಿಕೊಳ್ಳಬಹುದು.

ಕೊನೆಗೆ ಒಂದು. ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ತರಹದ ನಮ್ಮ ಮುಂಬೈ ಸಂಸ್ಥೆಗಳು ಮಕ್ಕಳ ಓದಿಗೆ ಸಹಾಯಧನ ಕೊಡುತ್ತವೆ. ನಿಮ್ಮ ಸಮುದಾಯದ ಸಂಘದಲ್ಲಿ ಫಾರ್ಮ್ ಯಾವಾಗ ಕೊಡುತ್ತಾರೆ ಅಂತ ಈಗಲೇ ಕೇಳಿ. ಕೈ ಚಾಚಿದ ಹಾಗಾಗುತ್ತದೆ ಅಂತ ಹೋಟೆಲಿನವರು ಹಿಂಜರಿಯುವುದನ್ನು ತುಂಬಾ ನೋಡಿದ್ದೇನೆ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗರೇ ಮುಂದೆ ಈ ಸಂಘಗಳಿಗೆ ದುಡ್ಡು ಹಾಕಿದ್ದು. ನಿಮ್ಮ ಮಗನಂಥವರಿಗೇ ಅಂತ ಹಾಕಿದ್ದು.

ಪ್ರಶ್ನೆ: ಮಹಾರಾಷ್ಟ್ರದಲ್ಲಿ ಹುಡುಗಿಯರಿಗೆ ಪೂರ್ತಿ ಶುಲ್ಕ ಮಾಫಿ ಅಂತ ಕೇಳಿದೆ. ಕರ್ನಾಟಕದಲ್ಲಿ ನಾವು ಒಬಿಸಿ, ಅಲ್ಲಿಯ ಸರ್ಟಿಫಿಕೇಟ್ ಇದೆ. ಮಗಳಿಗೆ ಸಿಗುತ್ತದೆಯೇ? ಠಾಣೆಯಿಂದ ಒಬ್ಬ ತಾಯಿ.

ಉತ್ತರ: 2024ರಲ್ಲಿ ಬಂದ ಆದೇಶ ಅದು. ಆದಾಯ 8 ಲಕ್ಷದ ಒಳಗಿರುವ ಒಬಿಸಿ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರು) ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳಲ್ಲಿ ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಆದರೆ ಕರ್ನಾಟಕದ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ ಅಮ್ಮಾ. ನಿಮ್ಮ ಜಾತಿ ಮಹಾರಾಷ್ಟ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಅದರ ಮೇಲೆ ನಿಮ್ಮ ಯಜಮಾನರ ಮನೆಯವರು 13 ಅಕ್ಟೋಬರ್ 1967ಕ್ಕಿಂತ ಮೊದಲೇ ಈ ರಾಜ್ಯದಲ್ಲಿ ನೆಲೆಸಿದ್ದರು ಅನ್ನುವ ದಾಖಲೆ ಬೇಕು.

ಮಗಳ ಅಜ್ಜ ಮುಂಬೈಗೆ ಬಂದದ್ದು ಯಾವಾಗ? ಆ ತಾರೀಕಿಗಿಂತ ಮೊದಲೇ ಬಂದಿದ್ದರೆ ಅವರ ಶಾಲೆಯನ್ನು ಹುಡುಕಿ. ಮುನಿಸಿಪಾಲಿಟಿಯ ಕನ್ನಡ ಶಾಲೆಯೋ ರಾತ್ರಿ ಶಾಲೆಯೋ, ಎಲ್ಲಿ ಕಲಿತಿದ್ದರೂ ರಿಜಿಸ್ಟರಿನಲ್ಲಿ ಹೆಸರು, ಜಾತಿ, ತಾರೀಕು ಮೂರೂ ಒಂದೇ ಸಾಲಿನಲ್ಲಿ ಸಿಗುವ ಸಾಧ್ಯತೆ ಇದೆ. ಆ ಸಾಲಿನ ನಕಲು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಜಾತಿ ಪ್ರಮಾಣಪತ್ರ, ಅದರ ಪಡತಾಳಣಿ (ಪರಿಶೀಲನೆ), ಆದಾಯ ಮಿತಿಯೊಳಗಿದೆ ಅನ್ನುವ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್, ಇವೆಲ್ಲ ಸಾಲಾಗಿ ಇವೆ, ತಿಂಗಳುಗಟ್ಟಲೆ ಹಿಡಿಯುತ್ತವೆ. ಮಗಳು ಹತ್ತನೇಯಲ್ಲಿದ್ದಾಗಲೇ ಶುರು ಮಾಡಬೇಕು.

ಸಿಗದೇ ಹೋದರೆ ಓಪನ್ ವರ್ಗದಲ್ಲಿ ಇಬಿಸಿ ಅರ್ಜಿ ಹಾಕಿ. ಇಂಜಿನಿಯರಿಂಗ್‌ಗೆ ಸೇರುವ ಹುಡುಗಿಯರಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನವೂ ಇದೆ, ವರ್ಷಕ್ಕೆ 50 ಸಾವಿರ, ಜಾತಿ ಯಾವುದಾದರೂ ಅರ್ಜಿ ಹಾಕಬಹುದು, ಆಯ್ಕೆ ಅಂಕದ ಮೇಲೆ. ಎರಡೂ ಸಿಗುವ ಹಾಗಿದ್ದರೆ ಕಾಲೇಜಿನಲ್ಲಿ ಕೇಳಿಯೇ ಮುಂದುವರಿಯಿರಿ. ಎರಡು ಸರ್ಕಾರಿ ಸಹಾಯ ಒಟ್ಟಿಗೆ ಪಡೆಯಬಾರದು ಅನ್ನುವ ಷರತ್ತು ಸಾಮಾನ್ಯವಾಗಿ ಇರುತ್ತದೆ.

ಪ್ರಶ್ನೆ: ಪುಣೆ. ಮಗಳಿಗೆ 7 ವರ್ಷ. ತಿಂಗಳಿಗೆ 5,000 ಉಳಿಸಬಹುದು. ಇವರು ಸುಕನ್ಯಾ ಅನ್ನುತ್ತಾರೆ, ನಾನು ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಎಸ್‌ಐಪಿ ಅನ್ನುತ್ತೇನೆ, ಅತ್ತೆ ಭಿಶಿ (ಚೀಟಿ) ಹಾಕು ಅನ್ನುತ್ತಾರೆ.

ಉತ್ತರ: ಅತ್ತೆಯವರ ಸಲಹೆ ಮೊದಲು ಬಿಡೋಣ. ಭಿಶಿ ಫ್ರಿಜ್ಜು ಕೊಳ್ಳಲು ಸರಿ, ಹನ್ನೊಂದು ವರ್ಷಕ್ಕಲ್ಲ.

ಸುಕನ್ಯಾ ಅಂದರೆ ಹೆಣ್ಣುಮಕ್ಕಳ ಹೆಸರಲ್ಲಿ ತೆರೆಯುವ ಸರ್ಕಾರಿ ಉಳಿತಾಯ ಖಾತೆ. ಅದರ ಬಡ್ಡಿ 2024ರ ಜನವರಿಯಿಂದ 8.2%, ಮೂರು ತಿಂಗಳಿಗೊಮ್ಮೆ ಸರ್ಕಾರ ಅದನ್ನು ಪರಿಶೀಲಿಸುತ್ತದೆ. ಜನ ಮರೆಯುವುದು ಏನೆಂದರೆ, ಅದು ಮುಗಿಯುವುದು ಖಾತೆ ತೆರೆದ 21 ವರ್ಷಕ್ಕೆ. ಈಗ ತೆರೆದರೆ ಮಗಳಿಗೆ 28 ಆಗಿರುತ್ತದೆ! ಕಾಲೇಜಿಗೆ ಅಂತ 18 ತುಂಬಿದಾಗ ಅಥವಾ ಹತ್ತನೇ ಪಾಸಾದಾಗ ತೆಗೆಯಬಹುದಾದದ್ದು ಹೆಚ್ಚೆಂದರೆ ಅರ್ಧ. ತಿಂಗಳಿಗೆ 3,000 ಹಾಕಿದರೆ ಇದೇ ದರದಲ್ಲಿ ಹನ್ನೊಂದು ವರ್ಷಕ್ಕೆ ಸುಮಾರು 6 ಲಕ್ಷ ಆದೀತು, ಕೈಗೆ ಬರುವುದು 3 ಲಕ್ಷ. ಅದಕ್ಕೇ ಎಲ್ಲವನ್ನೂ ಅಲ್ಲಿ ತುರುಕಬೇಡಿ. ನಾನಾದರೆ 2,000 ಸುಕನ್ಯಾಗೆ, 3,000 ಶೇರು ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡಿನ ಎಸ್‌ಐಪಿಗೆ ಹಾಕುತ್ತಿದ್ದೆ. ಮಗಳು ಹತ್ತನೇ ಮುಗಿಸುವ ಹೊತ್ತಿಗೆ ಫಂಡಿನ ದುಡ್ಡನ್ನು ಸ್ವಲ್ಪ ಸ್ವಲ್ಪ ಎಫ್‌ಡಿಗೆ ಇಳಿಸುತ್ತಾ ಬನ್ನಿ. ಶುಲ್ಕ ಕಟ್ಟುವ ತಿಂಗಳೇ ಮಾರ್ಕೆಟ್ ಬಿದ್ದರೆ ಯಾರನ್ನು ಕೇಳುತ್ತೀರಿ?

ಪ್ರಶ್ನೆ: ಅಮೆರಿಕದಲ್ಲಿರುವ ಭಾವ, ಅಲ್ಲಿ ಎಫ್‌ಎಎಫ್‌ಎಸ್‌ಎ ಅನ್ನುವ ನೆರವಿನ ಅರ್ಜಿ ತುಂಬಿದರೆ ಸರ್ಕಾರವೇ ಓದಿಸುತ್ತದೆ ಅನ್ನುತ್ತಾರೆ. ಮುಲುಂಡ್‌ನಲ್ಲಿರುವ ನನ್ನ ಮಗನಿಗೂ ತುಂಬಬಹುದೇ?

ಉತ್ತರ: ಭಾವನ ಮಕ್ಕಳು ಅಲ್ಲಿಯ ಪ್ರಜೆಗಳಾಗಿದ್ದರೆ ಅವರು ತುಂಬಬಹುದು, ಆದರೆ ಅದರಿಂದ ಸಿಗುವುದು ನೆರವು ಮತ್ತು ಸಾಲ, ಪೂರ್ತಿ ಖರ್ಚಲ್ಲ. ಅದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್‌ನಂಥ ಅರ್ಹತೆ ಇರುವವರಿಗೆ. ಸ್ಟೂಡೆಂಟ್ ವೀಸಾದಲ್ಲಿ ಹೋಗುವ ನಿಮ್ಮ ಮಗನಿಗೆ ಆ ದುಡ್ಡು ಇಲ್ಲ. ಅವನಿಗೆ ಸಿಗುವುದೇನಿದ್ದರೂ ವಿಶ್ವವಿದ್ಯಾಲಯ ತಾನಾಗಿ ಕೊಡುವ ನೆರವು. ಎಂಎಸ್‌ಗೆ ಹೋಗುವವನಾದರೆ ಟೀಚಿಂಗ್, ರಿಸರ್ಚ್ ಅಸಿಸ್ಟೆಂಟ್‌ಶಿಪ್ ಇದೆಯೇ ಅಂತ ವಿಭಾಗಕ್ಕೇ ಬರೆದು ಕೇಳಲಿ. ಇಲ್ಲಿಂದ ಹೋಗುವವರಿಗೆ ಟಾಟಾ ಮನೆತನದ ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಸಾಲ-ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ, ಕಚೇರಿ ಮುಂಬೈಯಲ್ಲೇ ಇದೆ, ಅರ್ಜಿ ಹಾಕಿಸಿ. ಬ್ಯಾಂಕಿನಲ್ಲಿ 7.5 ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ, ಅಂದರೆ ನಿಮ್ಮ ಫ್ಲ್ಯಾಟು. ಸೊಸೈಟಿಯ ಶೇರ್ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆ, ಮನೆಸಾಲ ತೀರಿದೆಯೇ, ಇವೆರಡನ್ನು ಬರೆದು ಕಳಿಸಿ. ಉಳಿದದ್ದು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.